ಎಂಟು ಮರಿ, 332 ಎಕರೆ: ಕೊಪ್ಪಳದ ತೋಳಗಳ ಲೆಕ್ಕ ತಲೆ ಎಣಿಕೆಗೆ ಮುಗಿಯುವುದಿಲ್ಲ

ಕೊಪ್ಪಳ ಜಿಲ್ಲೆಯ ಬಂಕಾಪುರ ತೋಳಧಾಮದಲ್ಲಿ ತೋಳವೊಂದು ಎಂಟು ಮರಿ ಹಾಕಿದೆ ಎಂಬ ಸುದ್ದಿ 2025ರ ಬೇಸಿಗೆಯಲ್ಲಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದದ್ದು ಬೇರೆಯೇ ಧಾಟಿಯ ಸುದ್ದಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಸಂಸ್ಥೆಯ ಪರಿಣತರು ಭಾರತೀಯ ತೋಳವನ್ನು ಮೊದಲ ಸಲ ಪ್ರತ್ಯೇಕವಾಗಿ ತೂಗಿ ನೋಡಿ, ಅಳಿವಿನ ಅಪಾಯ ಅಳೆಯುವ ಕೆಂಪು ಪಟ್ಟಿಯ ‘ಅಪಾಯಕ್ಕೀಡಾಗಬಲ್ಲ’ ವರ್ಗಕ್ಕೆ ಸೇರಿಸಿದರು. ಭಾರತ, ಪಾಕಿಸ್ತಾನ ಎರಡೂ ಸೇರಿ ಉಳಿದಿರುವುದು 3,000ದ ಆಸುಪಾಸು ಎಂದರು. ಇದು ಬೂದು ತೋಳದ ಉಪಪ್ರಭೇದವಲ್ಲ, ಬೇರೆಯೇ ಪ್ರಭೇದ ಇರಬಹುದು ಎಂಬ ಮಾತೂ ಅದರ ಬೆನ್ನಿಗೇ ಬಂತು.

ಓದುಗರಿಗೆ ಗೊಂದಲ ಆಗದೆ ಇರುತ್ತದೆಯೇ? ಮರಿ ಹೆಚ್ಚುತ್ತಿದ್ದರೆ ಅಪಾಯ ಎಲ್ಲಿಂದ ಬಂತು? ಜಗತ್ತಿನಲ್ಲಿ ಬೂದು ತೋಳ ಎರಡು ಲಕ್ಷಕ್ಕೂ ಹೆಚ್ಚಿವೆ, ಚಿಂತೆಯಿಲ್ಲ ಎಂದು ಇದೇ ಐಯುಸಿಎನ್ ಹೇಳುತ್ತ ಬಂದಿದೆಯಲ್ಲ? ಬೇರೆ ಪ್ರಭೇದ ಎಂದಾದರೆ ಯಲಬುರ್ಗಾದ ಕುರಿಗಾಹಿಗೆ, ಕನಕಗಿರಿಯ ರೈತನಿಗೆ ಆಗುವುದಾದರೂ ಏನು?

ಇನ್ನೊಂದು ಸಣ್ಣ ಗೊಂದಲವನ್ನು ಇಲ್ಲೇ ಬಿಡಿಸಿಬಿಡಬಹುದು. ನವಿಲುಧಾಮದ ಬಂಕಾಪುರ ಹಾವೇರಿ ಜಿಲ್ಲೆಯದು. ಇದು ಗಂಗಾವತಿ ಸೀಮೆಯ ಬಂಕಾಪುರ.

ಮೂರು ಸುದ್ದಿ, ಮೂರು ಬೇರೆ ಪ್ರಶ್ನೆ

ಎಂಟು ಮರಿ ಎಂಬುದು ಒಂದು ಹೆಣ್ಣಿನ ಒಂದು ಸೂಲಿನ ವರದಿ. ಸಾಮಾನ್ಯವಾಗಿ ತೋಳ ನಾಲ್ಕರಿಂದ ಆರು ಮರಿ ಹಾಕುತ್ತದೆ, ಎಂಟು ಅಂದರೆ ದೊಡ್ಡ ಸೂಲೇ. ಆದರೆ ತೋಳದ ಮರಿಗಳಲ್ಲಿ ಬಹಳಷ್ಟು ವರ್ಷ ತುಂಬುವ ಮುಂಚೆಯೇ ಸಾಯುತ್ತವೆ. ಹಾಗಾಗಿ ಹುಟ್ಟಿದ್ದನ್ನೇ ಹೆಚ್ಚಳ ಅನ್ನಲಾಗದು. ಐಯುಸಿಎನ್ ಕೊಟ್ಟದ್ದು ಇಡೀ ಉಪಖಂಡದ ಲೆಕ್ಕ. ವನ್ಯಜೀವಿ ವಿಜ್ಞಾನಿ ಯಾದವೇಂದ್ರದೇವ್ ಝಾಲಾ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ಭಾರತದ ವಯಸ್ಕ ತೋಳಗಳ ಸಂಖ್ಯೆ 3,170. ಎರಡು ಲೆಕ್ಕವೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಪ್ರಭೇದದ ಪ್ರಶ್ನೆಯಂತೂ ಸಾವಿರಾರು ತಲೆಮಾರು ಹಿಂದಿನ ಇತಿಹಾಸಕ್ಕೆ ಸೇರಿದ್ದು.

ಕೊಪ್ಪಳಕ್ಕೆ ನಿಜವಾಗಿ ಬೇಕಾದ ಪ್ರಶ್ನೆ ಈ ಮೂರರಲ್ಲೂ ಇಲ್ಲ. ಬಂಕಾಪುರದ ತೋಳಗಳು ಒಂದಕ್ಕೊಂದು ಏನಾಗಬೇಕು? ಗದಗ, ಬಾಗಲಕೋಟೆ, ರಾಯಚೂರು, ಬಳ್ಳಾರಿ ಕಡೆಯ ತೋಳಗಳಿಗೂ ಇವಕ್ಕೂ ಕೊಟ್ಟುತಂದ ಸಂಬಂಧ ಇದೆಯೇ, ಕಡಿದುಹೋಗಿದೆಯೇ? ಆನುವಂಶಿಕ ವೈವಿಧ್ಯ ಮತ್ತು ಗುಂಪುಗಳ ರಚನೆಯ ಸಂಶೋಧನೆ ಎಂದು ವಿಜ್ಞಾನಿಗಳು ಕರೆಯುವುದು ಇದನ್ನೇ. ತಲೆ ಎಣಿಸಿದರೆ ಇವತ್ತಿನ ಸ್ಥಿತಿ ತಿಳಿಯುತ್ತದೆ. ನಲವತ್ತು ವರ್ಷದ ಮೇಲೆ ಏನಾದೀತು ಎಂಬ ಸುಳಿವು ಸಂಬಂಧ ಎಣಿಸಿದರೆ ಮಾತ್ರ ಸಿಗುತ್ತದೆ.

ಬೇರೆ ಪ್ರಭೇದವೇ? ಜಗಳ ಹಳೆಯದು

ಈ ತೋಳಕ್ಕೆ ವೈಜ್ಞಾನಿಕ ಹೆಸರು ಕೊಟ್ಟವನು ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್, 1831ರಲ್ಲಿ. ಅವನು ವರ್ಣಿಸಿದ ಪ್ರಾಣಿ ದಖ್ಖನ್ನಿನದು, ಅಂದರೆ ಈ ನಮ್ಮ ಬಯಲುನಾಡಿನದೇ. ಅವನಿಟ್ಟ ಕ್ಯಾನಿಸ್ ಪ್ಯಾಲಿಪೆಸ್ ಎಂಬ ಹೆಸರನ್ನು ಮುಂದೆ ಬೂದು ತೋಳದ ಉಪಪ್ರಭೇದವಾಗಿ ಇಳಿಸಿದರು. ಪಶ್ಚಿಮ ಏಷ್ಯಾದ ತೋಳಗಳನ್ನೂ ಅದೇ ಹೆಸರಿಗೆ ಸೇರಿಸಿದರು.

ಈ ಶತಮಾನದ ಆರಂಭದಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ರಮೇಶ್ ಅಗರ್ವಾಲ್ ತಂಡ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಡಿಎನ್‌ಎ ಓದಿ, ಪರ್ಯಾಯ ದ್ವೀಪದ ತೋಳವನ್ನು ಕ್ಯಾನಿಸ್ ಇಂಡಿಕಾ ಎಂಬ ಬೇರೆ ಪ್ರಭೇದವಾಗಿ ಕಾಣಬೇಕು ಎಂದಿತು. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುವಂಥದ್ದು. ಅದೊಂದನ್ನೇ ನೆಚ್ಚಿ ಪ್ರಭೇದ ನಿರ್ಧರಿಸುವುದು ತವರಿನ ಕಡೆಯನ್ನಷ್ಟೇ ವಿಚಾರಿಸಿ ಮನೆತನದ ಚರಿತ್ರೆ ಬರೆದಂತಾಗುತ್ತದೆ ಎಂಬ ಆಕ್ಷೇಪ ಬಂತು, ಆಕ್ಷೇಪ ಸರಿಯಾದದ್ದೇ. 2021ರಲ್ಲಿ ಲಾರೆನ್ ಹೆನೆಲ್ಲಿ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆಯ ಬಿಲಾಲ್ ಹಬೀಬ್ ಮೊದಲಾದವರು ಇಡೀ ಜೀನೋಮನ್ನೇ, ಅಂದರೆ ಅಪ್ಪ ಅವ್ವ ಇಬ್ಬರ ಕಡೆಯ ಪೂರ್ತಿ ಡಿಎನ್‌ಎಯನ್ನು ಓದಿದರು. ನಾಲ್ಕು ಭಾರತೀಯ ತೋಳ, ಎರಡು ಟಿಬೆಟ್ ತೋಳ, ಹೋಲಿಕೆಗೆ ಶ್ವಾನಕುಲದ ಇನ್ನೂ 31 ಜೀನೋಮ್. ಬದುಕುಳಿದ ಬೂದು ತೋಳಗಳಲ್ಲಿ ಭಾರತದ್ದು ತೀರಾ ಹಳೆಯ ಕವಲುಗಳಲ್ಲಿ ಒಂದು ಎಂಬುದು ಅವರ ಫಲಿತಾಂಶ. ಪಶ್ಚಿಮ ಏಷ್ಯಾದ ತೋಳಗಳು ಈ ಕವಲಿಗೆ ಸೇರಲಿಲ್ಲ. ಪೆಟ್ಟು ಬಿದ್ದದ್ದು ಅಲ್ಲೇ: ಟರ್ಕಿಯಿಂದ ಕರ್ನಾಟಕದವರೆಗೆ ಹರಡಿದೆ ಎಂದುಕೊಂಡಿದ್ದ ಪ್ರಾಣಿಯ ನಿಜವಾದ ನೆಲೆ ಒಮ್ಮೆಗೇ ಉಪಖಂಡಕ್ಕೆ ಕುಗ್ಗಿತು. ಕೆಂಪು ಪಟ್ಟಿಯಲ್ಲಿ ಬೇರೆ ಲೆಕ್ಕ ಇಡಬೇಕಾದದ್ದು ಆ ಕಾರಣಕ್ಕೆ.

ಹೆಸರು ಬದಲಿಸಲು ಅವಸರ ಬೇಡ ಎನ್ನುವವರೂ ಇದ್ದಾರೆ. ನಾಲ್ಕು ಜೀನೋಮ್ ಆಧಾರದ ಮೇಲೆ ಗಡಿ ಗೆರೆ ಎಳೆಯಲಾಗದು, ತೋಳದ ಕವಲುಗಳು ಹಿಂದೆ ಬೆರೆತ ಗುರುತುಗಳೂ ಇವೆ, ದಕ್ಷಿಣದ ಮಾದರಿ ಇನ್ನಷ್ಟು ಬೇಕು ಎಂಬುದು ಅವರ ವಾದ. ಈ ವಿವಾದ ಬೇಗ ಬಗೆಹರಿಯುವಂತೆ ಕಾಣುವುದಿಲ್ಲ. ಬಗೆಹರಿಯುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, 2022ರ ತಿದ್ದುಪಡಿಯ ಮೇಲೂ ಅಲ್ಲೇ ಇದೆ. ಬೇಟೆಯ ಮಟ್ಟಿಗೆ ಕಾಗದದ ಮೇಲೆ ಹುಲಿಯಂತೆಯೇ ಇದಕ್ಕೂ ರಕ್ಷಣೆ ಇದೆ. ಹೆಸರು ಬದಲಾದರೆ ದುಡ್ಡು, ಗಮನ ಹೆಚ್ಚೀತು. ಕಾನೂನೇನೂ ಬದಲಾಗದು.

ಬೀಜದ ಟಗರಿನ ಲೆಕ್ಕ

ಆನುವಂಶಿಕ ವೈವಿಧ್ಯ ಎಂದರೆ ಏನೆಂದು ಕುರಿ ಸಾಕುವವರಿಗೆ ಹೇಳಿಕೊಡಬೇಕಾಗಿಲ್ಲ. ತಳಿ ಕೆಂಗುರಿಯಿರಲಿ ಯಳಗವಿರಲಿ, ಬಲ್ಲ ಕುರಿಗಾಹಿ ಬೀಜದ ಟಗರನ್ನು ಎರಡು ಮೂರು ವರ್ಷಕ್ಕೆ ಬದಲಿಸುತ್ತಾನೆ. ಬದಲಿಸದೆ ಬಿಟ್ಟರೆ ಟಗರು ತನ್ನ ಮಗಳನ್ನೇ, ಮೊಮ್ಮಗಳನ್ನೇ ಕೂಡುತ್ತದೆ. ಮರಿ ಸಣ್ಣದಾಗುತ್ತವೆ, ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ, ರೋಗ ಬಂದರೆ ಹಿಂಡೆಲ್ಲ ಒಟ್ಟಿಗೆ ಮಲಗುತ್ತದೆ. ಪ್ರತಿ ಪ್ರಾಣಿಯಲ್ಲೂ ಒಂದೊಂದು ಜೀನಿಗೆ ಎರಡು ಪ್ರತಿ, ಅಪ್ಪನದೊಂದು ಅವ್ವನದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಪ್ಪ ಅವ್ವ ಹತ್ತಿರದ ಸಂಬಂಧಿಗಳಾದರೆ ಕೆಟ್ಟ ಪ್ರತಿಯೇ ಎರಡೂ ಕಡೆಯಿಂದ ಬಂದು ಸೇರುತ್ತದೆ.

ತೋಳಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಹಿಂಡಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದು ಒಂದೇ ಜೋಡಿ. ಉಳಿದವು ಅದರ ಹಿಂದಿನ ವರ್ಷದ ಮಕ್ಕಳು. ಒಂದು ಸೀಮೆಯಲ್ಲಿ ನಲವತ್ತು ತೋಳ ಇವೆ, ಎಂಟೆಂಟರ ಐದು ಹಿಂಡು ಎಂದುಕೊಳ್ಳಿ. ಮುಂದಿನ ತಲೆಮಾರಿಗೆ ಜೀನ್ ಕೊಡುವುದು ಹತ್ತೇ ತೋಳ. ಈ ಹತ್ತನ್ನು ವಿಜ್ಞಾನಿಗಳು ಪರಿಣಾಮಕಾರಿ ಸಂಖ್ಯೆ ಎನ್ನುತ್ತಾರೆ. ಕ್ಯಾಮೆರಾ ಎಣಿಕೆಯಲ್ಲಿ ಸಿಗುವುದು ನಲವತ್ತು. ವಂಶದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಹತ್ತು.

ಇದರ ಗಣಿತ ಸರಳ. ಹೊರಗಿನಿಂದ ಯಾವುದೂ ಬಂದು ಸೇರದಿದ್ದರೆ, ಒಂದು ತಲೆಮಾರಿಗೆ ವೈವಿಧ್ಯ ಪರಿಣಾಮಕಾರಿ ಸಂಖ್ಯೆಯ ಎರಡರಷ್ಟರಲ್ಲಿ ಒಂದು ಪಾಲು ಕರಗುತ್ತದೆ. ಸಂಖ್ಯೆ 10 ಆದರೆ ಇಪ್ಪತ್ತರಲ್ಲಿ ಒಂದು, ಅಂದರೆ ತಲೆಮಾರಿಗೆ ಶೇ 5. ಹತ್ತು ತಲೆಮಾರಿಗೆ ಶೇ 40ರಷ್ಟು ಹೋಯಿತು. ಸಂಖ್ಯೆ 50 ಆದರೆ ತಲೆಮಾರಿಗೆ ಶೇ 1, ಹತ್ತು ತಲೆಮಾರಿಗೆ ಶೇ 10ಕ್ಕಿಂತ ತುಸು ಕಡಿಮೆ. ತೋಳದ ಒಂದು ತಲೆಮಾರನ್ನು ನಾಲ್ಕು ವರ್ಷ ಎಂದು ಹಿಡಿದರೂ ಹತ್ತು ತಲೆಮಾರು ಎಂದರೆ ನಲವತ್ತೇ ವರ್ಷ. ಹೊರಗಿನಿಂದ ಬೇಕಾದದ್ದಾದರೂ ಎಷ್ಟು? ಒಂದು ತಲೆಮಾರಿಗೆ ಕನಿಷ್ಠ ಒಂದು ಹೊಸ ತೋಳ ಬಂದು, ಜೋಡಿ ಕಟ್ಟಿ, ಮರಿ ಮಾಡಬೇಕು ಎಂಬುದು ಹಳೆಯ ಸೂತ್ರ. ಬಂದು ಹೋದರೆ ಸಾಲದು. ಸಣ್ಣ ಗುಂಪುಗಳಿಗೆ ಒಂದು ಸಾಲುವುದಿಲ್ಲ, ಹೆಚ್ಚೇ ಬೇಕು ಎನ್ನುವವರೂ ಇದ್ದಾರೆ.

ಒಂದೇ ಗಂಡು ಬಂದ ದ್ವೀಪ

ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪ ಇದೆ, ಸುಮಾರು 535 ಚದರ ಕಿಲೋಮೀಟರ್. ಅಲ್ಲಿನ ತೋಳಗಳನ್ನು 1950ರ ದಶಕದ ಕೊನೆಯಿಂದಲೂ ಬಿಡದೆ ಗಮನಿಸುತ್ತ ಬಂದಿದ್ದಾರೆ. 1997ರಲ್ಲಿ ಸರೋವರ ಹೆಪ್ಪುಗಟ್ಟಿದಾಗ ಹೊರಗಿನ ಒಂದು ಗಂಡು ಮಂಜಿನ ಮೇಲೆ ನಡೆದು ಬಂತು. ಕೆಲವು ವರ್ಷ ಹಿಂಡುಗಳು ಚೇತರಿಸಿಕೊಂಡವು. ಆದರೆ ಬಂದದ್ದು ಒಂದೇ. ಬೇಗನೆ ದ್ವೀಪದ ಬಹುಪಾಲು ತೋಳಗಳು ಅದರ ಮಕ್ಕಳು ಮೊಮ್ಮಕ್ಕಳೇ ಆದವು, ಮತ್ತೆ ಒಳಗೊಳಗೇ ಕೂಡತೊಡಗಿದವು. ಬೆನ್ನುಮೂಳೆಯ ದೋಷಗಳು ಕಂಡವು. 2016ರ ಹೊತ್ತಿಗೆ ಉಳಿದದ್ದು ಎರಡು, ಒಂದು ಇನ್ನೊಂದರ ಮಗಳು. 2018, 2019ರಲ್ಲಿ ಹೊರಗಿನಿಂದ 19 ತೋಳ ತಂದು ಬಿಡಬೇಕಾಯಿತು.

ಟಗರಿನ ಉದಾಹರಣೆಗೆ ಇದು ದೊಡ್ಡ ಪ್ರಮಾಣದ ಸಾಕ್ಷಿ. ಒಂದು ಸಲ ಬದಲಿಸಿದರೆ ಸಾಲದು, ಬದಲಿಸುತ್ತಲೇ ಇರಬೇಕು. ನಮ್ಮ ದೇಶದಲ್ಲೇ ನೋಡುವುದಾದರೆ ಒಡಿಶಾದ ಸಿಮಿಲಿಪಾಲದ ಹುಲಿಗಳಿವೆ. ಪಟ್ಟೆಗಳು ಅಗಲವಾಗಿ ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳು ಅಲ್ಲಿ ಹೆಚ್ಚು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ತಂಡ 2021ರಲ್ಲಿ ಇದಕ್ಕೆ ಕಾರಣವಾದ ಜೀನನ್ನು ಗುರುತಿಸಿತು. ಸಣ್ಣ, ಬೇರ್ಪಟ್ಟ ಗುಂಪಿನಲ್ಲಿ ಅಪರೂಪದ ಜೀನೊಂದು ಆಕಸ್ಮಿಕವಾಗಿ ಸಾಮಾನ್ಯವಾಗಿಬಿಡುವುದಕ್ಕೆ ಅದು ಉದಾಹರಣೆ. ಪ್ರವಾಸಿಗರಿಗೆ ಅದು ಸೊಬಗು, ವಂಶಶಾಸ್ತ್ರಜ್ಞರಿಗೆ ಎಚ್ಚರಿಕೆಯ ಗಂಟೆ.

332 ಎಕರೆ ಎಂದರೆ ಎಷ್ಟು

ಸುದ್ದಿಗಳಲ್ಲಿ ಬಂದ ಬಂಕಾಪುರ ತೋಳಧಾಮದ ವಿಸ್ತೀರ್ಣ 332 ಎಕರೆ. ಚದರ ಕಿಲೋಮೀಟರಿಗೆ ತಿರುಗಿಸಿದರೆ 1.34. ತೋಳದ ಒಂದು ಹಿಂಡು ಓಡಾಡುವ ಸರಹದ್ದು ನೂರು ಚದರ ಕಿಲೋಮೀಟರಿಗೂ ಮೇಲೆ. ಅಂದರೆ ಧಾಮವೆಂಬುದು ಒಂದು ಹಿಂಡಿನ ಸೀಮೆಯ ನೂರಕ್ಕೆ ಒಂದೂವರೆ ಪಾಲೂ ಅಲ್ಲ. ಗುಡ್ಡ, ಗವಿ, ಕುರುಚಲು ಇರುವ ಆ ಜಾಗ ತೊಟ್ಟಿಲು. ಮರಿ ಹಾಕಲು ಅದು ಬೇಕೇ ಬೇಕು, ಅದನ್ನು ಕಾದದ್ದು ಒಳ್ಳೆಯದೇ. ಆದರೆ ತೊಟ್ಟಿಲಲ್ಲಿ ಯಾರೂ ಸಂಸಾರ ಮಾಡುವುದಿಲ್ಲ.

ಒಂದೆರಡು ವರ್ಷ ತುಂಬಿದ ತೋಳ ಹಿಂಡು ಬಿಟ್ಟು ಹೊರಡುತ್ತದೆ. ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರ್ ಅಲೆದು, ಸಂಗಾತಿ ಸಿಕ್ಕಲ್ಲಿ ನಿಲ್ಲುತ್ತದೆ. ಎಂಟು ಮರಿಗಳಲ್ಲಿ ಎರಡು ಮೂರು ಬದುಕಿ ಹೊರಟರೂ ಅವು ಎತ್ತ ಹೋಗಬೇಕು?

ನಕ್ಷೆ ತೆರೆದಿಟ್ಟು ನೋಡಿದರೆ ದಕ್ಷಿಣಕ್ಕೆ ತುಂಗಭದ್ರಾ, ಅದರಾಚೆ ಬಳ್ಳಾರಿ, ಸಂಡೂರು. ಅಣೆಕಟ್ಟೆಯ ಕೆಳಗೆ ಬೇಸಿಗೆಯಲ್ಲಿ ಬಂಡೆ ಎದ್ದು ಕಾಣುವ ಹೊಳೆ ತೋಳಕ್ಕೆ ದೊಡ್ಡ ಅಡ್ಡಿಯಲ್ಲ. ಪೂರ್ವಕ್ಕೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ. ಎಡದಂಡೆ ಕಾಲುವೆಯ ಭತ್ತದ ಸೀಮೆ. 1953ರಲ್ಲಿ ಅಣೆಕಟ್ಟೆ ಆದ ಮೇಲೆ ಒಣ ಎರೆಹೊಲ, ಮಸಾರಿ ಇದ್ದದ್ದು ಗದ್ದೆಯಾಯಿತು. ನೀರು ನಿಂತ ಗದ್ದೆಯಲ್ಲಿ ಗವಿಯಿಲ್ಲ, ಕುರುಚಲಿಲ್ಲ, ಹಗಲು ಅಡಗಲು ಜಾಗವಿಲ್ಲ. ಜನವೋ ರಾತ್ರಿ ಹಗಲು ಹೊಲದಲ್ಲೇ. ಎರಡು ಹೊಳೆಗಳ ನಡುವಿನ ರಾಯಚೂರು ದೋಆಬಿನಲ್ಲಿ ತೋಳಕ್ಕೆ ಕಷ್ಟವಾಗುವುದು ಹೊಳೆಗಿಂತ ಈ ಹಸಿರೇ ಇರಬಹುದು. ಉತ್ತರ, ಪಶ್ಚಿಮಕ್ಕೆ ಕುಷ್ಟಗಿ, ಯಲಬುರ್ಗಾ, ಕುಕನೂರಿನ ಒಣ ಬಯಲು, ಅದರಾಚೆ ಗದಗದ ಕಪ್ಪತಗುಡ್ಡ. ತೋಳಕ್ಕೆ ಒಗ್ಗುವ ನೆಲ ಇದೇ. ವಿಜಯಪುರದಿಂದ ಹೊಸಪೇಟೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 50 ಸೀಳಿಕೊಂಡು ಹೋಗುವುದೂ ಇದನ್ನೇ. ಗಾಳಿಯಂತ್ರ, ಸೋಲಾರ್ ಬರುತ್ತಿರುವುದೂ ಇಲ್ಲೇ.

ಇದು ನಕ್ಷೆ ನೋಡಿ ಕಟ್ಟಿದ ಊಹೆ. ಗದ್ದೆ ನಿಜವಾಗಿ ತಡೆಯೇ, ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ನಿಲ್ಲಿಸುತ್ತಾರಲ್ಲ, ಆ ಹಿಂಡುಗಳ ಬೆನ್ನು ಹಿಡಿದು ತೋಳ ದಾಟುತ್ತದೆಯೇ ಎಂಬುದನ್ನು ಡಿಎನ್‌ಎ ಹೇಳಬೇಕು.

ಹಿಕ್ಕೆಯಿಂದ ವಂಶಾವಳಿ

ತೋಳ ಹಿಡಿದು ರಕ್ತ ತೆಗೆಯಬೇಕಾಗಿಲ್ಲ. ಹಿಕ್ಕೆ ಕರುಳಿನಿಂದ ಜಾರುವಾಗ ಅದರ ಮೇಲ್ಮೈಗೆ ಕರುಳಿನ ಜೀವಕೋಶಗಳು ಅಂಟಿಕೊಂಡು ಬರುತ್ತವೆ. ಆ ಕೋಶಗಳಲ್ಲಿ ಪೂರ್ತಿ ಡಿಎನ್‌ಎ ಇದೆ. ತೋಳಗಳು ಬಂಡಿಜಾಡಿನಲ್ಲಿ, ದಾರಿ ಕೂಡುವಲ್ಲಿ, ಎತ್ತರದ ಕಲ್ಲಿನ ಬಳಿ ಗುರುತಿಗೆಂದೇ ಹಿಕ್ಕೆ ಹಾಕುವುದರಿಂದ ಹುಡುಕುವುದು ಅಷ್ಟು ಕಷ್ಟವೂ ಅಲ್ಲ. ಅರಣ್ಯ ಇಲಾಖೆಯ ಅನುಮತಿ ಮಾತ್ರ ಮೊದಲು ಕೈಯಲ್ಲಿರಬೇಕು.

ಕೆಲಸ ಬೆಳಗಿನ ಜಾವದ್ದು. ಬಿಸಿಲು ಡಿಎನ್‌ಎಯನ್ನು ಒಡೆಯುತ್ತದೆ, ಮಳೆ ಮೇಲ್ಮೈಯ ಕೋಶಗಳನ್ನು ತೊಳೆದುಬಿಡುತ್ತದೆ. 40 ಡಿಗ್ರಿ ದಾಟುವ ಕೊಪ್ಪಳದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಸಿಕ್ಕ ಹಿಕ್ಕೆ ಪ್ರಯೋಗಾಲಯಕ್ಕೆ ಹೋದರೂ ಬಹಳ ಸಲ ಓದಲು ಬಾರದು. ಚಳಿಗಾಲ ಒಳ್ಳೆಯದು. ಕೈಗವಸು ಹಾಕಿ, ಹತ್ತಿ ಸುತ್ತಿದ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ, ಹಿಕ್ಕೆಯ ಹೊರಮೈಯನ್ನಷ್ಟೇ ಮೆಲ್ಲಗೆ ಉಜ್ಜಬೇಕು. ಒಳಗೆ ಚುಚ್ಚಿದರೆ ಅದು ತಿಂದ ಕುರಿಯ, ಚಿಗರಿಯ ಡಿಎನ್‌ಎ ಸೇರಿಕೊಳ್ಳುತ್ತದೆ. ಮಣ್ಣು ತಾಗಿದ ಅಡಿಭಾಗ ಬೇಡ. ಕಡ್ಡಿಯ ತುದಿಯನ್ನು ಕೋಶ ಒಡೆಯುವ ದ್ರಾವಣದ ಟ್ಯೂಬಿಗೋ ಆಲ್ಕೋಹಾಲಿಗೋ ಹಾಕಿ, ಜಾಗದ ಜಿಪಿಎಸ್, ದಿನ, ಹಿಕ್ಕೆ ಎಷ್ಟು ಹಸಿ ಎಂಬುದನ್ನು ಟ್ಯೂಬಿನ ಮೇಲೆಯೇ ಬರೆಯಬೇಕು. ಆಲ್ಕೋಹಾಲ್ ಸೋರಿ ಪೆನ್ನಿನ ಬರಹ ಅಳಿಸಿಹೋಗಿ ಮಾದರಿ ಅನಾಥವಾಗುವುದುಂಟು, ಸೀಸದ ಕಡ್ಡಿಯಲ್ಲಿ ಬರೆದರೆ ಆ ಭಯವಿಲ್ಲ. ಒಂದು ಹಿಕ್ಕೆ ಆದ ಮೇಲೆ ಕೈಗವಸು ಬದಲಿಸಲೇಬೇಕು.

ಪ್ರಯೋಗಾಲಯದಲ್ಲಿ ಮೊದಲ ಕೆಲಸ ಇದು ತೋಳದ್ದೇ ಎಂದು ಖಚಿತ ಮಾಡಿಕೊಳ್ಳುವುದು. ಊರ ನಾಯಿ, ನರಿ, ತೋಳ ಮೂರರ ಹಿಕ್ಕೆಯೂ ಕಣ್ಣಿಗೆ ಮೋಸ ಮಾಡುತ್ತದೆ. ಪರ್ಯಾಯ ದ್ವೀಪದ ತೋಳದ ಮೈಟೊಕಾಂಡ್ರಿಯ ಡಿಎನ್‌ಎ ನಾಯಿಯದಕ್ಕಿಂತ ಸ್ಪಷ್ಟವಾಗಿ ಬೇರೆ ಇರುವುದರಿಂದ ಈ ಹಂತ ಸುಲಭ. ಆಮೇಲೆ ಜೀನೋಮಿನ ಹಲವು ನೆಲೆಗಳಲ್ಲಿ ಆ ಪ್ರಾಣಿ ಹೊತ್ತ ಎರಡೆರಡು ಪ್ರತಿಗಳನ್ನು ಓದುತ್ತಾರೆ. ಹಿಂದೆ ಹತ್ತಿಪ್ಪತ್ತು ಮೈಕ್ರೊಸ್ಯಾಟಲೈಟ್ ನೆಲೆಗಳು, ಅಂದರೆ ಡಿಎನ್‌ಎಯ ಸಣ್ಣ ತುಣುಕೊಂದು ಮತ್ತೆ ಮತ್ತೆ ಬಂದು ಉದ್ದ ಬದಲಾಗುವ ಜಾಗಗಳು ಸಾಕೆನ್ನುತ್ತಿದ್ದರು. ಈಗ ಒಂದೊಂದೇ ಅಕ್ಷರದ ವ್ಯತ್ಯಾಸವಾದ ಸ್ನಿಪ್‌ಗಳನ್ನು ನೋಡುವುದು ಹೆಚ್ಚು. ಎನ್‌ಸಿಬಿಎಸ್ ತಂಡ ಹುಲಿಗಳಿಗಾಗಿ ಹಿಕ್ಕೆಯಂಥ ಕಳಪೆ ಮಾದರಿಯಿಂದಲೇ ನೂರಕ್ಕೂ ಹೆಚ್ಚು ಸ್ನಿಪ್ ಒಟ್ಟಿಗೆ ಓದುವ ವಿಧಾನವನ್ನು 2019ರಲ್ಲಿ ತೋರಿಸಿದೆ.

ಎಡವುವುದು ಎಲ್ಲಿ

ಹಳಸಿದ ಹಿಕ್ಕೆಯಲ್ಲಿ ಎರಡು ಪ್ರತಿಗಳಲ್ಲಿ ಒಂದು ಓದಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಒಂದು ತೋಳದ ಒಂದು ನೆಲೆಯಲ್ಲಿ 148 ಮತ್ತು 152 ಅಕ್ಷರ ಉದ್ದದ ಎರಡು ಪ್ರತಿಗಳಿವೆ ಎನ್ನೋಣ. 152 ಬಿಟ್ಟುಹೋದರೆ ಅದರ ಎರಡು ಪ್ರತಿಯೂ 148 ಎಂದೇ ದಾಖಲಾಗುತ್ತದೆ. ಪರಿಣಾಮ ಎರಡು ಬಗೆ. ಇಲ್ಲದ ಒಳಸಂಬಂಧ ಇದೆ ಎಂದು ಕಾಣುತ್ತದೆ. ಇನ್ನೊಂದು ದಿನ ಅದೇ ತೋಳದ ಹಸಿ ಹಿಕ್ಕೆ ಸಿಕ್ಕು ಸರಿಯಾಗಿ ಓದಿದರೆ ಒಂದೇ ತೋಳ ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಮಾದರಿಯನ್ನು ಮೂರು ನಾಲ್ಕು ಸಲ ಓದಿ ತಾಳೆ ನೋಡಬೇಕು. ಖಾಲಿ ಟ್ಯೂಬನ್ನೂ ಜೊತೆಗೇ ಓಡಿಸಬೇಕು. ಅದರಲ್ಲಿ ಡಿಎನ್‌ಎ ಕಂಡರೆ ಪ್ರಯೋಗಾಲಯದಲ್ಲೇ ಬೆರಕೆ ಆಗಿದೆ ಎಂದರ್ಥ.

ಇನ್ನೊಂದು ತಪ್ಪು ಪ್ರಯೋಗಾಲಯದ್ದಲ್ಲ, ಮಾದರಿ ಆರಿಸಿದವರದ್ದು. ಸುಲಭವೆಂದು ಬಂಕಾಪುರದ ಸುತ್ತಲೇ ಅರವತ್ತು ಹಿಕ್ಕೆ ಆಯ್ದರೆ ಅವು ಏಳೆಂಟು ತೋಳಗಳವೇ ಆಗಿರುತ್ತವೆ, ಅವೂ ಒಂದೇ ತಾಯಿಯ ಮಕ್ಕಳು. ಇವನ್ನು ಗದಗದ ತೋಳಗಳ ಜೊತೆ ಹೋಲಿಸಿದರೆ ಗಣಕ ಎರಡು ಬೇರೆ ಗುಂಪು ಎಂದು ತೋರಿಸುತ್ತದೆ. ಬೇರೆಯಾದದ್ದು ಗುಂಪಲ್ಲ, ಮನೆ. ಮೊದಲು ಒಡಹುಟ್ಟಿದವನ್ನು ಗುರುತಿಸಿ, ಮನೆಗೆ ಒಂದೆರಡನ್ನಷ್ಟೇ ಇಟ್ಟುಕೊಂಡು ಹೋಲಿಸುವುದು ಸರಿಯಾದ ಕ್ರಮ. ಹಾಗೆಯೇ ಕೊಪ್ಪಳದಲ್ಲೊಂದಿಷ್ಟು, ಸೊಲ್ಲಾಪುರದಲ್ಲೊಂದಿಷ್ಟು ತೆಗೆದು ನಡುವಿನ ಬಾಗಲಕೋಟೆ, ವಿಜಯಪುರ ಬಿಟ್ಟರೂ ಇಂಥದ್ದೇ ಮೋಸ. ದೂರ ಹೋದಂತೆ ಸಂಬಂಧ ತೆಳುವಾಗುವುದು ಸಹಜ. ನಡುವಿನ ಮಾದರಿ ಇಲ್ಲದಿದ್ದರೆ ಇಳಿಜಾರು ಗೋಡೆಯ ಹಾಗೆ ಕಾಣುತ್ತದೆ.

ತೀರ್ಮಾನ ತೆಗೆದುಕೊಳ್ಳುವವರನ್ನು ಹೆಚ್ಚು ದಾರಿ ತಪ್ಪಿಸುವುದು ಕಾಲದ ಲೆಕ್ಕ. ಐದಾರು ವರ್ಷದ ಹಿಂದೆ ಅಗಲವಾದ ಹೆದ್ದಾರಿ ಎಂದರೆ ತೋಳಕ್ಕೆ ಒಂದೂವರೆ ತಲೆಮಾರು. ಅಷ್ಟರಲ್ಲಿ ಎರಡೂ ಬದಿಯ ತೋಳಗಳ ಡಿಎನ್‌ಎ ಬೇರೆಯಾಗುವುದು ಸಾಧ್ಯವೇ ಇಲ್ಲ. ಇವತ್ತು ಅಧ್ಯಯನ ಮಾಡಿ ‘ವ್ಯತ್ಯಾಸ ಕಾಣಲಿಲ್ಲ, ರಸ್ತೆಯಿಂದ ತೊಂದರೆಯಿಲ್ಲ’ ಎಂದು ವರದಿ ಬಂದರೆ ಅದರ ಅರ್ಥ ಹತ್ತಿಪ್ಪತ್ತು ವರ್ಷದ ಹಿಂದೆ ತೊಂದರೆಯಿರಲಿಲ್ಲ ಎಂದಷ್ಟೇ. ರಸ್ತೆಯ ಈಗಿನ ಪರಿಣಾಮ ತಿಳಿಯಬೇಕಾದರೆ ವಂಶಾವಳಿ ಬೇಕು: ರಸ್ತೆಯ ಆಚೆ ಸಿಕ್ಕ ಈ ಎಳೆಯ ತೋಳದ ಅಪ್ಪ ಅವ್ವ ಈಚೆಯವರೇ ಎಂದು ಪತ್ತೆ ಮಾಡುವುದು.

ನಾಯಿ ಎಂಬ ತೊಡಕು

ಸಂಗಾತಿ ಸಿಗದ ತೋಳ ಒಂಟಿಯಾಗಿಯೇ ಉಳಿಯುತ್ತದೆ ಎಂದೇನಿಲ್ಲ. ತೋಳ, ನಾಯಿ ಕೂಡಿದರೆ ಮರಿ ಆಗುತ್ತವೆ, ಆ ಮರಿಗಳಿಗೂ ಮರಿ ಆಗುತ್ತವೆ. ಪುಣೆಯ ಬಳಿ ಬಣ್ಣ ಬೇರೆಯಾಗಿ ಕಂಡ ಪ್ರಾಣಿಗಳನ್ನು ವನ್ಯಜೀವಿ ಆಸಕ್ತರು ಗಮನಿಸಿ ತಿಳಿಸಿದ್ದರಿಂದ ಎನ್‌ಸಿಬಿಎಸ್ ಮತ್ತು ಬೆಂಗಳೂರಿನದೇ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಮಾದರಿ ಪರೀಕ್ಷಿಸಿ, ಭಾರತದ ಹುಲ್ಲುಗಾವಲಿನಲ್ಲಿ ತೋಳ ನಾಯಿ ಬೆರಕೆಯ ಮೊದಲ ಆನುವಂಶಿಕ ಪುರಾವೆಯನ್ನು 2023ರಲ್ಲಿ ಪ್ರಕಟಿಸಿದರು.

ಮೇಲೆ ಸುಲಭ ಎಂದ ಮೈಟೊಕಾಂಡ್ರಿಯದ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಬೆರಕೆಯಲ್ಲಿ ಹೆಚ್ಚಾಗಿ ಹೆಣ್ಣು ತೋಳದ್ದು, ಗಂಡು ನಾಯಿಯದು. ತಾಯಿಯ ಡಿಎನ್‌ಎ ಮಾತ್ರ ಓದಿದರೆ ಬೆರಕೆ ಮರಿಯೂ ‘ಶುದ್ಧ ತೋಳ’ ಎಂದೇ ಬರುತ್ತದೆ. ಮೊದಲ ತಲೆಮಾರಿನ ಬೆರಕೆ ಅರ್ಧಕ್ಕರ್ಧ, ಕೆಲವೇ ನೆಲೆ ಓದಿದರೂ ಸಿಕ್ಕಿಬೀಳುತ್ತದೆ. ಅದು ಮತ್ತೆ ತೋಳವನ್ನೇ ಕೂಡಿದರೆ ಮಗುವಿನಲ್ಲಿ ನಾಯಿಯ ಪಾಲು ಶೇ 25, ಮೊಮ್ಮಗುವಿನಲ್ಲಿ ಶೇ 12.5. ಅಲ್ಲಿಗೆ ಬಂದರೆ ನೂರಾರು ಸ್ನಿಪ್ ಇಲ್ಲದೆ ಹೇಳಲಾಗದು. ಮೈಬಣ್ಣ ನೋಡಿ ಬೆರಕೆ ಎಂದು ತೀರ್ಮಾನಿಸುವುದಂತೂ ಬೇಡವೇ ಬೇಡ, ತೋಳಗಳಲ್ಲೇ ಬಣ್ಣದ ಏರಿಳಿತ ಸಾಕಷ್ಟಿದೆ.

ಬೆರಕೆಗೆ ಮೂಲ ಕಾರಣ ನಾಯಿ ಹೆಚ್ಚಾದದ್ದು ಮಾತ್ರವಲ್ಲ, ತೋಳ ವಿರಳವಾದದ್ದೂ ಹೌದು. ಅಡ್ಡಾಡುವ ದಾರಿ ಕಡಿದಷ್ಟೂ ಒಂಟಿ ತೋಳ ಹೆಚ್ಚು, ಒಂಟಿ ತೋಳ ಹೆಚ್ಚಿದಷ್ಟೂ ನಾಯಿಯ ಜೊತೆ ಕೂಡುವುದು ಹೆಚ್ಚು. ಊರಂಚಿನಲ್ಲಿ ಕೋಳಿ ಅಂಗಡಿಯ ಕಸ, ಸತ್ತ ದನ ಕುರಿ ಎಸೆಯುವ ತಿಪ್ಪೆ ನಾಯಿಗಳನ್ನೂ ತೋಳಗಳನ್ನೂ ಒಂದೇ ಜಾಗಕ್ಕೆ ಕರೆಯುತ್ತದೆ. ರೇಬೀಸ್, ಡಿಸ್ಟೆಂಪರ್ ರೋಗಗಳು ನಾಯಿಯಿಂದ ತೋಳಕ್ಕೆ ದಾಟುವ ಕೂಡುದಾರಿಯೂ ಅದೇ.

ಯಾರ ವಾದ ಏನು

ಬೇಲಿ ಗಟ್ಟಿ ಮಾಡಿ, ಗಸ್ತು ಹಾಕಿ, ಧಾಮ ಬೆಳೆಸಿದರೆ ತೋಳ ಉಳಿಯುತ್ತದೆ ಎಂಬುದು ಒಂದು ನಿಲುವು. ಮರಿ ಹಾಕುವ ಜಾಗಕ್ಕೆ ಜನ ನುಗ್ಗದಂತೆ ತಡೆಯುವುದರಲ್ಲಿ ಇದು ಸರಿ. ಅದರಾಚೆಗೆ ಇದರಲ್ಲಿ ಉತ್ತರವಿಲ್ಲ, ಬೇಲಿ ಬಿಗಿಯಾದಷ್ಟೂ ನಾವು ದ್ವೀಪವನ್ನೇ ಕಟ್ಟಿದಂತೆ.

ವೈವಿಧ್ಯ ಕಡಿಮೆ ಎಂದು ಗೊತ್ತಾದರೆ ಮೃಗಾಲಯದಿಂದಲೋ ಬೇರೆ ಜಿಲ್ಲೆಯಿಂದಲೋ ತೋಳ ತಂದು ಬಿಡಬಹುದಲ್ಲ ಎಂಬುದು ಇನ್ನೊಂದು. ಐಲ್ ರಾಯಲ್‌ನಲ್ಲಿ ಮಾಡಿದ್ದು ಅದನ್ನೇ. ಆದರೆ ಅಲ್ಲಿ ಸುತ್ತ ನೀರು, ಬೇರೆ ದಾರಿಯಿರಲಿಲ್ಲ. ಇಲ್ಲಿ ತಂದು ಬಿಟ್ಟ ತೋಳಕ್ಕೆ ಸೀಮೆ ಗೊತ್ತಿಲ್ಲ. ಅದು ಮೊದಲು ಕೈಹಾಕುವುದು ಕುರಿಗೆ, ಸೆಟೆದುಕೊಳ್ಳುವ ಜನ ಅದನ್ನು ಬದುಕಗೊಡುವುದಿಲ್ಲ. ಮೃಗಾಲಯದ ತೋಳವಾದರೆ ಅದರ ವಂಶ, ನಾಯಿಯ ಬೆರಕೆ ಎರಡನ್ನೂ ಪರೀಕ್ಷಿಸದೆ ಬಿಡುವುದು ಅಪಾಯ. ಕಾಲ್ನಡಿಗೆಯಲ್ಲಿ ತಾನೇ ಬರುವ ತೋಳ ಇವಕ್ಕಿಂತ ಸೋವಿ, ಸುರಕ್ಷಿತ.

ಕುರಿಗಾಹಿಗಳ ಮಾತು ಬೇರೆ. ಕುರಿ ಹೋದ ರಾತ್ರಿ ಯಾರಿಗೂ ಜೀನೋಮ್ ಬೇಕಾಗುವುದಿಲ್ಲ. ಊರೂರು ತಿರುಗುವವರಿಗೆ ಪಂಚನಾಮೆ ಮಾಡಿಸಿ ಪರಿಹಾರಕ್ಕೆ ಕಾಯುತ್ತ ಕೂರುವುದು ಆಗದ ಮಾತು. ಹಿಂಡು ನಾಳೆ ಮುಂದಿನ ಊರಿನಲ್ಲಿರುತ್ತದೆ. ಹಾಗಿದ್ದೂ ತಲೆತಲಾಂತರದಿಂದ ತೋಳದ ಜೊತೆ ಬಾಳಿದವರು ಇವರೇ. ಚಿಗರಿ ಹಾವಳಿಯಿಂದ ಬೇಸತ್ತ ಯಲಬುರ್ಗಾ, ಕುಕನೂರು ಕಡೆಯ ರೈತರಿಗೆ ತೋಳದ ಬಗ್ಗೆ ಅಷ್ಟು ಸಿಟ್ಟಿಲ್ಲದಿರಬಹುದು. ಚಿಗರಿ ಮರಿ ತೋಳದ ಆಹಾರ.

ನಾಲ್ಕನೆಯ ನಿಲುವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಂದಾಯ ದಾಖಲೆಯೇ ಹೇಳುತ್ತದೆ. ತೋಳ ಓಡಾಡುವ ಬಯಲು ಕಾಗದದಲ್ಲಿ ಪಾಳು, ಖರಾಬು, ಗಾಯರಾಣ. ಕಾಡಿಗೆ ಕಾನೂನಿನ ಕಾವಲಿದೆ, ಖರಾಬಿಗೆ ಇಲ್ಲ. ಯೋಜನೆಗೆ ಜಾಗ ಹುಡುಕುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಫಲಿತಾಂಶ ಬಂದರೆ ಏನಾಗಬೇಕು

ಕೊಪ್ಪಳ, ರಾಯಚೂರು, ಬಳ್ಳಾರಿ ಜೊತೆಗೆ ಗದಗ, ಬಾಗಲಕೋಟೆಯನ್ನೂ ಸೇರಿಸಿ ಸಮನಾಗಿ ಹಿಕ್ಕೆ ಆಯ್ದು ಓದಿದರೆ ಉತ್ತರ ಮೂರರಲ್ಲಿ ಒಂದಾಗಬಹುದು.

ಎಲ್ಲವೂ ಒಂದೇ ಹೆಣಿಗೆಯಲ್ಲಿವೆ, ಜೀನ್ ಓಡಾಡುತ್ತಿದೆ ಎಂದು ಬಂದರೆ ತೋಳ ತಂದು ಬಿಡುವ ಮಾತು ಕೈಬಿಡಬಹುದು. ಆಗ ಕಾಯಬೇಕಾದದ್ದು ದಾರಿ. ಹೊಸ ಸೋಲಾರ್ ಪಾರ್ಕಿನ ಸುತ್ತ ಉದ್ದಕ್ಕೆ ಬೇಲಿ ಹಾಕುವ ಮುನ್ನ ಎಲ್ಲೆಲ್ಲಿ ಸಂದು ಬಿಡಬೇಕು, ಹೆದ್ದಾರಿಯ ಯಾವ ಹಳ್ಳದ ಸೇತುವೆಯ ಅಡಿ ಖಾಲಿ ಇರಬೇಕು ಎಂದು ಗುರುತಿಸುವ ಕೆಲಸ. ಹಳ್ಳದ ಮೋರಿ ಇದ್ದರೂ ಅದರ ಬಾಯಿಗೆ ಕಲ್ಲು ಕಸ ತುಂಬಿದರೆ ತೋಳ ರಸ್ತೆಯ ಮೇಲೆಯೇ ದಾಟುತ್ತದೆ, ಲಾರಿಗೆ ಸಿಗುತ್ತದೆ.

ರಾಯಚೂರಿನ ಕಡೆ ಮಾತ್ರ ಬೇರ್ಪಟ್ಟಿದೆ ಎಂದರೆ ಭತ್ತದ ಸೀಮೆ ತಡೆ ಎಂಬ ಊಹೆಗೆ ಬಲ ಬರುತ್ತದೆ. ಆಗ ಕಾಲುವೆ ಕೊನೆಭಾಗದ ಒಣ ಗುಡ್ಡಗಳಲ್ಲಿ ಉಳಿದ ಕುರುಚಲಿಗೆ ಇರುವ ಬೆಲೆ ಬದಲಾಗುತ್ತದೆ. ನೂರು ಎಕರೆಯ ಗುಡ್ಡವೊಂದು ತಾನಾಗಿ ತೋಳ ಸಾಕಲಾರದು, ದಾಟುವ ತೋಳಕ್ಕೆ ಹಗಲು ತಂಗುವ ಮೆಟ್ಟಿಲಾಗಬಲ್ಲದು.

ಬಂಕಾಪುರದ ತೋಳಗಳೇ ಒಂದು ಮನೆಯವರಾಗಿ, ಹೊರಗಿನವರ ಗುರುತೇ ಇಲ್ಲದೆ, ನಾಯಿಯ ಪಾಲೂ ಕಾಣಿಸಿದರೆ ಪರಿಸ್ಥಿತಿ ಕೆಟ್ಟದ್ದು. ಆಗ ಮೊದಲು ಆಗಬೇಕಾದದ್ದು ಸುತ್ತಲಿನ ಹಳ್ಳಿಗಳ ತಿಪ್ಪೆ ಮುಚ್ಚುವುದು, ನಾಯಿಗಳಿಗೆ ಲಸಿಕೆ ಮತ್ತು ಸಂತಾನಹರಣ. ಧಾಮದ ಎಕರೆ ಹೆಚ್ಚಿಸುವ ಮಾತು ಅದಾದ ಮೇಲೆ.

ಮೂರರಲ್ಲಿ ಯಾವುದೇ ಬಂದರೂ ಒಂದು ಸಲದ ಅಧ್ಯಯನ ಸಾಲದು. ನಾಲ್ಕೈದು ವರ್ಷಕ್ಕೊಮ್ಮೆ ಅದೇ ಬಂಡಿಜಾಡುಗಳಲ್ಲಿ ಮತ್ತೆ ಹಿಕ್ಕೆ ಆಯ್ದು, 2025ರ ಆ ಎಂಟರಲ್ಲಿ ಯಾವುದರ ಜೀನ್ ಕುಷ್ಟಗಿಯಾಚೆ ಮರಿಯಾಗಿ ಸಿಕ್ಕಿತು ಎಂದು ನೋಡಬೇಕು. ಅದಕ್ಕೆ ಬೇಕಾದ ಕಣ್ಣು ಪ್ರಯೋಗಾಲಯದಲ್ಲಿಲ್ಲ. ದಿನ ಬೆಳಗಾದರೆ ಆ ಜಾಡಿನಲ್ಲಿ ಕುರಿ ಹೊಡೆದುಕೊಂಡು ಹೋಗುವವರ ಬಳಿ ಇದೆ. ಟ್ಯೂಬು, ಕಡ್ಡಿ, ಸೀಸದ ಕಡ್ಡಿ ಅವರ ಜೋಳಿಗೆಯಲ್ಲಿದ್ದು, ಆಯ್ದ ಪ್ರತಿ ಮಾದರಿಗೂ ಕೂಲಿ ಅಂದಂದೇ ಕೈಗೆ ಸಿಗುವಂತಿದ್ದರೆ ಬೆಳಗಿನ ಜಾವದ ಹಸಿ ಹಿಕ್ಕೆಗೆ ಬೆಂಗಳೂರಿನಿಂದ ಜೀಪು ಬರುವವರೆಗೆ ಕಾಯಬೇಕಾಗಿಲ್ಲ.